ಲೇಸರ್ ಎಚ್ಚರಿಕೆ ಬೋರ್ಡಿಗೆ ತುರ್ತಾಗಿ ಪದ ಬೇಕು: ‘ಚದುರಿದ ವಿಕಿರಣ’ ಎಂದು ಬರೆಯಬಹುದೇ?

ಪ್ರಶ್ನೆ, ಮಣಿಪಾಲದಿಂದ

ಎಲ್ಲರಿಗೂ ನಮಸ್ಕಾರ. ಲೇಸರ್ ಪ್ರಯೋಗಾಲಯದ ಬಾಗಿಲಿಗೆ ಕನ್ನಡದಲ್ಲೂ ಎಚ್ಚರಿಕೆ ಫಲಕ ಬರೆಸುವುದೆಂದು ತೀರ್ಮಾನವಾಗಿದೆ. ಬೋರ್ಡು ಬರೆಯುವವರಿಗೆ ನಾಳೆ ಸಂಜೆಯೊಳಗೆ ವಾಕ್ಯ ಕೊಡಬೇಕು. ಒಳಗಿರುವುದು ನಾಲ್ಕನೇ ದರ್ಜೆಯ, ಎಂದರೆ ಅತಿ ಅಪಾಯದ ದರ್ಜೆಯ, ಎನ್‌ಡಿ-ಯಾಗ್ ಪಲ್ಸ್ ಲೇಸರ್. 1064 ನ್ಯಾನೊಮೀಟರಿನ ಕಾಣದ ಕಿರಣವೂ ಅದರ ಆವೃತ್ತಿಯನ್ನು ಇಮ್ಮಡಿ ಮಾಡಿ ಪಡೆದ 532ರ ಹಸಿರೂ ಎರಡೂ ಹೊರಗೆ ಬರುತ್ತವೆ. ಇಂಗ್ಲಿಷ್ ಫಲಕದ ಮಾದರಿ ಎಲ್ಲ ಕಡೆ ಒಂದೇ. ನಾನು ಹೀಗೆ ಮಾಡಿದ್ದೇನೆ: ‘ನೇರ ಅಥವಾ ಚದುರಿದ ಲೇಸರ್ ವಿಕಿರಣಕ್ಕೆ ಕಣ್ಣು ಮತ್ತು ಚರ್ಮವನ್ನು ಒಡ್ಡಬೇಡಿ.’

ಸಂಶಯ ಎರಡು. ಫಲಕ ಓದುವವರು ಮುಖ್ಯವಾಗಿ ಗುಡಿಸಿ ಒರೆಸುವವರು, ಎಲೆಕ್ಟ್ರಿಷಿಯನ್, ಎ.ಸಿ. ರಿಪೇರಿಯವರು. ಇಲ್ಲಿಯವರಿಗೆ ‘ವಿಕಿರಣ’ ಅಂದರೆ ಆಸ್ಪತ್ರೆಯ ಎಕ್ಸ್-ರೇ ಕೋಣೆ, ಇಲ್ಲವೇ ಕೈಗಾ. ಈ ಪದ ಬೇಕೇ? ಎರಡನೆಯದು, ಚದುರಿದ, ಚೆದರಿದ, ಚದರಿದ, ಇವುಗಳಲ್ಲಿ ಯಾವುದು? ಪಕ್ಕದ ಕೋಣೆಯ ರಾಮನ್ ಪ್ರಯೋಗದ (ಅಣುಗಳಿಗೆ ತಾಗಿ ಅಲೆಯುದ್ದ ಬದಲಿಸಿ ಚದುರುವ ಬೆಳಕನ್ನು ಅಳೆಯುವುದು) ಕೈಪಿಡಿಗೂ ಇದೇ ಪದ ಹೋಗುತ್ತದೆ. ಅದರಲ್ಲಿ ‘ಬೀಮ್ ಡಂಪ್’ (ಕಿರಣವನ್ನು ಕೊನೆಯಲ್ಲಿ ಹೀರಿಕೊಳ್ಳುವ ಪೆಟ್ಟಿಗೆ), ‘ಕಾಲಿಮೇಟ್’ (ಕಿರಣ ಹರಡದೆ ನೆಟ್ಟಗೆ ಹೋಗುವಂತೆ ಮಾಡುವುದು) ಎರಡಕ್ಕೂ ಪದ ಬೇಕು, ಅದಕ್ಕೆ ಅವಸರವಿಲ್ಲ.

ಉತ್ತರ, ಕುಂದಾಪುರದಿಂದ

‘ಚದುರಿದ ವಿಕಿರಣ’ ಶುದ್ಧ ಪುನರುಕ್ತಿ. ‘ಕೄ’ ಧಾತುವಿನ ಅರ್ಥವೇ ಎರಚು, ಚೆಲ್ಲು. ಕಿರಣ, ವಿಕಿರಣ, ಪ್ರಕೀರ್ಣ, ಸಂಕೀರ್ಣ, ಜನಾಕೀರ್ಣದ ಆಕೀರ್ಣ, ಎಲ್ಲವೂ ಆ ಒಂದೇ ಬೇರಿನವು. ವಿಕಿರಣ ಎಂದಮೇಲೆ ಚದುರಿದ್ದು ಅದರೊಳಗೇ ಬಂತು. ಚದುರುವ ಕ್ರಿಯೆಗೆ ‘ಪ್ರಕೀರ್ಣನ’ ಎಂಬ ಪದ ಸಿದ್ಧವಾಗಿ ಉಂಟು. ಸಂಸ್ಕೃತದಿಂದ ತಂದರೆ ದೇಶದ ಬೇರೆ ಭಾಷೆಗಳ ವಿಜ್ಞಾನ ಪುಸ್ತಕಗಳೊಂದಿಗೂ ಹೊಂದಿಕೆಯಾಗುತ್ತದೆ. ‘ನೇರ ಅಥವಾ ಪ್ರಕೀರ್ಣ ಲೇಸರ್ ಕಿರಣ’ ಎಂದು ಬರೆಯಿರಿ.

ಉತ್ತರ, ಕದ್ರಿಯಿಂದ

ಹಿಂದಿ ಪಠ್ಯದ ಪ್ರಕೀರ್ಣನ ನಮಗೆ ಬೇಡ. ಬಾಗಿಲು ಗುಡಿಸುವವರು ಓದಬೇಕಾದ ಬೋರ್ಡದು, ಪದವಿ ಪರೀಕ್ಷೆಯ ಉತ್ತರಪತ್ರಿಕೆಯಲ್ಲ.

ಆದರೆ ‘ಚದುರು’ ಕೂಡ ಅಚ್ಚ ಕನ್ನಡವಲ್ಲ. ನಮ್ಮದು ‘ಕೆದರು’, ಹಳಗನ್ನಡದಲ್ಲಿ ಶಕಟರೇಫದ ‘ಕೆದಱು’. ಎ, ಇ ಸ್ವರಗಳ ಮುಂದೆ ಕಕಾರ ಚಕಾರವಾಗುವುದು ತಮಿಳು, ತೆಲುಗುಗಳ ಗುಣ. ನಮ್ಮ ಕಿವಿ ತೆಲುಗಿಗೆ ಚೆವಿ, ತುಳುವಿನಲ್ಲಿ ಕಕಾರವೇ ನಿಂತು ಕೆಬಿ. ಚೆದರು ಆ ಕಡೆಯಿಂದ ಬಂದದ್ದು, ಚದುರು ಅದರ ಸವಕಲು ರೂಪ. ‘ಕೆದರಿದ ಲೇಸರ್ ಬೆಳಕು’ ಎಂದು ಬರೆಯಿರಿ. ವಿಕಿರಣ ಬೇಡವೇ ಬೇಡ.

ಉತ್ತರ, ಸುರತ್ಕಲ್‌ನಿಂದ

ಬೇರು ಹುಡುಕುವ ಮೊದಲು ಆ ಕೋಣೆಯಲ್ಲಿ ಬೆಳಕು ಏನು ಮಾಡುತ್ತದೆಂದು ನೋಡುವ.

‘ವಿಕಿರಣ’ ಬೇಡ ಎನ್ನುವುದಕ್ಕೆ ನನ್ನ ಕಾರಣ ಬೇರೆ. ಎಕ್ಸ್-ರೇ, ಗಾಮಾ ಕಿರಣಗಳು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುತ್ತವೆ. 532ರ ಫೋಟಾನಿನ ಶಕ್ತಿ 2.33 ಎಲೆಕ್ಟ್ರಾನ್ ವೋಲ್ಟ್, 1064ರದ್ದು ಅದರ ಅರ್ಧ. ಅಷ್ಟರಿಂದ ಆ ಕೆಲಸ ಆಗದು. ವಿಕಿರಣ ಎಂದು ಓದಿದವನು ಸೀಸದ ಏಪ್ರನ್ ಹುಡುಕುತ್ತಾನೆ, ಇಲ್ಲವೇ ದೂರ ನಿಂತರೆ ಸಾಕೆಂದುಕೊಳ್ಳುತ್ತಾನೆ. ಎಕ್ಸ್-ರೇ ಕೊಳವೆಯಿಂದ ದೂರ ಇಮ್ಮಡಿಯಾದರೆ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ನಿಮ್ಮ ಈ ಲೇಸರಿನ ಕಿರಣ ಹತ್ತು ಮೀಟರ್ ಆಚೆಯ ಗೋಡೆಯ ಹತ್ತಿರವೂ ಹೆಚ್ಚುಕಡಿಮೆ ಅಷ್ಟೇ ಸಪೂರ, ಅಷ್ಟೇ ಕೇಡು. ದೂರ ನಿಲ್ಲುವುದು ರಕ್ಷಣೆಯೇ ಅಲ್ಲ. ತಪ್ಪು ಜಾಗ್ರತೆ ಕಲಿಸುವ ಪದ ಫಲಕದಲ್ಲಿ ಇರಕೂಡದು. ‘ಬೆಳಕು’ ಎಂದರೂ ತೊಂದರೆ ಉಂಟು: 1064 ಕಣ್ಣಿಗೆ ಕಾಣುವುದಿಲ್ಲ, ಕಾಣದಿದ್ದರೆ ಬೆಳಕಿಲ್ಲ ಎಂದೇ ಜನ ತಿಳಿಯುವುದು. ‘ಲೇಸರ್ ಕಿರಣ’ ಎನ್ನಿ, ‘ಕಣ್ಣಿಗೆ ಕಾಣದ ಕಿರಣವೂ ಇದೆ’ ಎಂದು ಬೇರೆ ಸಾಲಿನಲ್ಲಿ ಹೇಳಿ.

ಈಗ ‘ಚದುರಿದ’. ಫಲಕದ ಮಾತು ಅಣುಗಳಿಗೆ ತಾಗಿ ಚದುರುವ ಬೆಳಕಿನದ್ದಲ್ಲ. ಗೋಡೆ, ಕಾಗದ, ಬಣ್ಣ ಬಳಿದ ತಗಡು ಇಂಥ ಒರಟು ಮೈಗೆ ಬಿದ್ದು ಎಲ್ಲ ಕಡೆಗೆ ಹಿಂದಿರುಗುವ ಬೆಳಕಿನದ್ದು. ಮೂರನೇ ದರ್ಜೆಯವರೆಗೆ ಗೋಡೆಯ ಮೇಲಿನ ಚುಕ್ಕೆಯನ್ನು ನೋಡಿದರೆ ಸಾಮಾನ್ಯವಾಗಿ ಅಪಾಯವಿಲ್ಲ, ನಾಲ್ಕನೆಯದರಲ್ಲಿ ಅದೂ ಅಪಾಯ. ಪಲ್ಸೊಂದಕ್ಕೆ 100 ಮಿಲಿಜೂಲ್, ಅವಧಿ 8 ನ್ಯಾನೊಸೆಕೆಂಡ್ ಎಂದಿಟ್ಟುಕೊಳ್ಳಿ. ಆ ಹೊತ್ತಿನ ಸಾಮರ್ಥ್ಯ 1.25 ಕೋಟಿ ವ್ಯಾಟ್. ರೆಪ್ಪೆ ಮುಚ್ಚುವುದಕ್ಕೆ ಕಾಲು ಸೆಕೆಂಡು ಬೇಕು, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನೇರ ಕಿರಣವಾದರೆ ಕಣ್ಣಿನ ಮಸೂರ ಅದನ್ನು ಅಕ್ಷಿಪಟಲದ ಮೇಲೆ ಕೂಡಿಸುವಾಗ ತೀವ್ರತೆ ಲಕ್ಷ ಪಟ್ಟು ಏರುತ್ತದೆ. ಒರಟು ಮೈಯದ್ದಕ್ಕಿಂತ ಕೆಟ್ಟದ್ದು ನುಣುಪು ಮೈಯ ಪ್ರತಿಫಲನ. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ನೂರಕ್ಕೆ ನಾಲ್ಕರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ನೂರರಲ್ಲಿ ಆ ನಾಲ್ಕು ಮಿಲಿಜೂಲೇ ಕಣ್ಣಿನ ಸುರಕ್ಷಿತ ಮಿತಿಗಿಂತ ಸಾವಿರಾರು ಪಟ್ಟು ಹೆಚ್ಚು. ಉಂಗುರ, ವಾಚಿನ ಪಟ್ಟಿ, ಸ್ಪ್ಯಾನರ್ ಎಲ್ಲವೂ ಕನ್ನಡಿಯ ಕೆಲಸ ಮಾಡುತ್ತವೆ.

ಕೈಪಿಡಿಯ ವಿಷಯಕ್ಕೆ ಬಂದರೆ ಇದು ಇನ್ನೂ ಮುಖ್ಯ. ರಾಮನ್ ಪ್ರಯೋಗದಲ್ಲಿ ಸಿಲಿಕಾನ್ ಬಿಲ್ಲೆ ಇಟ್ಟರೆ 532ರ ಹಸಿರಿನ ತೀರಾ ಸಣ್ಣ ಪಾಲು 547ರ ಆಸುಪಾಸಿಗೆ ಜರುಗಿ ಬರುತ್ತದೆ. ಹುಡುಕಿ ಕೂಡಿಸಬೇಕಾದ ಬೆಳಕು ಅದು. ಬಿಲ್ಲೆಯ ಮೈ, ಹಿಡಿಕೆ, ಮಸೂರದ ಚೌಕಟ್ಟುಗಳಿಂದ ಬರುವ 532 ತಡೆಯಬೇಕಾದ ಬೆಳಕು. ಎರಡನ್ನೂ ‘ಚದುರಿದ ಬೆಳಕು’ ಎಂದು ಬರೆದರೆ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ವಿದ್ಯಾರ್ಥಿಗೆ ಗೊತ್ತಾಗುವುದು ಹೇಗೆ? ಅಣುಗಳದ್ದು ‘ಚದುರಿಕೆ’, ಒರಟು ಮೈಯದ್ದು ‘ಹರಡು ಪ್ರತಿಫಲನ’, ಬೇಡದೆ ನುಸುಳಿದ್ದು ‘ಅಡ್ಡಬೆಳಕು’. ಕಿರಣ ಮುಂದೆ ಹೋಗುತ್ತಾ ಅಗಲವಾಗುವುದು ‘ಹರವು’. ಪಟ್ಟಕದಲ್ಲಿ ಬಣ್ಣ ಬೇರೆಯಾಗುವುದನ್ನೂ ಕೆಲವರು ಚದುರಿಕೆ ಎಂದೇ ಬರೆಯುತ್ತಾರೆ, ಅದು ‘ವರ್ಣವಿಭಜನೆ’. ಇಷ್ಟನ್ನೂ ಒಂದೇ ಪದದ ತಲೆಗೆ ಕಟ್ಟಬೇಡಿ.

‘ಕೆದರಿದ’ ಎಂದರೆ ಕೂದಲು. ಅದು ಬೇಡ.

ಉತ್ತರ, ಉಡುಪಿಯಿಂದ

ಅಕ್ಷರದ ಬಗ್ಗೆ ಒಂದು ಮಾತು. ಹಳದಿ ಹಿನ್ನೆಲೆ, ಕಪ್ಪು ಅಕ್ಷರ, ತ್ರಿಕೋನದೊಳಗೆ ಲೇಸರ್ ಚಿಹ್ನೆ ಇರುವ ಫಲಕದಲ್ಲಿ ಕನ್ನಡಕ್ಕೆ ಉಳಿಯುವ ಜಾಗ ಕಡಿಮೆ. ‘ಪ್ರಕೀರ್ಣ’ದಲ್ಲಿ ಕೆಳಗೊಂದು ರಕಾರದ ಒತ್ತು, ಪಕ್ಕದಲ್ಲಿ ಅರ್ಕಾವತ್ತು. ದಪ್ಪ ಕುಂಚದಲ್ಲಿ ಬರೆದರೆ ಎರಡೂ ಮುದ್ದೆಯಾಗಿ ದೂರಕ್ಕೆ ಕಾಣುವುದಿಲ್ಲ. ‘ಅಥವಾ’, ‘ಮತ್ತು’ ಸೇರಿಸಿ ಉದ್ದ ವಾಕ್ಯ ಮಾಡುವ ಬದಲು ಸಾಲಿಗೊಂದು ಸಂಗತಿ ಇಡಿ. ‘ಒಡ್ಡಬೇಡಿ’ಗಿಂತ ‘ತಾಗದಿರಲಿ’ ನಮ್ಮ ಕಡೆಯವರಿಗೆ ಬೇಗ ಹತ್ತುತ್ತದೆ. ಮತ್ತೆ, ಚದುರು ಎಂದೇ ಇರಲಿ. ‘ಪೊಲೀಸರು ಗುಂಪು ಚದುರಿಸಿದರು’ ಎಂದು ದಿನವೂ ಪೇಪರಿನಲ್ಲಿ ಓದುವವರು ಅವರು. ಚದರಿದ ಎಂದು ಮಾತ್ರ ಬರೆಯಬೇಡಿ, ಅದು ಚದರ ಅಡಿಯನ್ನು ನೆನಪಿಸುತ್ತದೆ.

ಮಣಿಪಾಲದಿಂದ

ಉಪಕಾರವಾಯಿತು. ಬೋರ್ಡಿನವರಿಗೆ ಕಳಿಸಿದ ಪಾಠ:

ಎಚ್ಚರಿಕೆ: ಲೇಸರ್ ಕಿರಣ
ಕಣ್ಣಿಗೆ ಕಾಣದ ಕಿರಣವೂ ಇದೆ
ನೇರ ಕಿರಣ, ಗೋಡೆ–ವಸ್ತುಗಳಿಗೆ ಬಡಿದು ಬಂದ ಕಿರಣ, ಎರಡೂ ಕಣ್ಣಿಗೆ, ಮೈಗೆ ತಾಗದಿರಲಿ
ಕೆಂಪು ದೀಪ ಉರಿಯುತ್ತಿದ್ದರೆ ಒಳಗೆ ಬರಬೇಡಿ
ದರ್ಜೆ 4

‘ಚದುರಿದ’ ಎಂಬ ಪದವೇ ಬೇಕಾಗಲಿಲ್ಲ. ಕೈಪಿಡಿಗೆ ಸುರತ್ಕಲ್‌ನವರ ಐದೂ ಪದ ತೆಗೆದುಕೊಳ್ಳುತ್ತೇನೆ. 1064ಕ್ಕೆ ‘ಅವಕೆಂಪು’ ಎಂದು ಬರೆದದ್ದು ಸರಿ ತಾನೇ?

ಕುಂದಾಪುರದಿಂದ

‘ಅವಕೆಂಪು’ ಅರಿಸಮಾಸ. ಸಂಸ್ಕೃತದ ‘ಅವ’ಕ್ಕೆ ಕನ್ನಡದ ‘ಕೆಂಪು’ ಕೂಡುವುದು ಹೇಗೆ? ‘ಅವರಕ್ತ’ ಆಗಬೇಕು. ನಾಳೆ ಬೀಮ್ ಡಂಪಿಗೂ ಇಂಥದ್ದೇ ಏನಾದರೊಂದು ಹೊಸೆಯುತ್ತೀರಿ ಎಂದು ಈಗಲೇ ಹೇಳಿಡುತ್ತೇನೆ.

ಕದ್ರಿಯಿಂದ

ಅವರಕ್ತ ಎಂದು ಬರೆದರೆ ಲೇಸರಿನ ಕೈಪಿಡಿಯಲ್ಲಿ ರಕ್ತ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಹತ್ತನೇ ತರಗತಿಯ ಮಕ್ಕಳ ಬಾಯಲ್ಲಿ ನಿಂತ ಪದವನ್ನು ಕೇಶಿರಾಜನ ಹೆಸರು ಹೇಳಿ ಕೀಳಬೇಡಿ. ಹಿಂದಿನ ಕವಿಗಳ ಪ್ರಯೋಗಕ್ಕೆ, ಬಿರುದಾವಳಿಗೆ ಅವನೇ ವಿನಾಯಿತಿ ಕೊಟ್ಟಿದ್ದಾನೆ. ಗಮಕ, ಕ್ರಿಯಾಸಮಾಸಗಳಲ್ಲಂತೂ ದೋಷವೇ ಇಲ್ಲ. ‘ಕಾಣದ ಕಿರಣ’ ಯಾವ ಸಮಾಸ, ಹೇಳಿ?

ನನ್ನ ತಕರಾರು ಇಷ್ಟೇ: ಇದ್ದ ಕನ್ನಡ ಪದವನ್ನು ಬಿಟ್ಟು ಸಂಸ್ಕೃತವನ್ನು ತರುವುದು ಸಾಲ. ಸಾಲಕ್ಕೆ ಅಗತ್ಯ ತೋರಿಸಬೇಕು. ‘ತರಂಗಾಂತರ’ವನ್ನೇ ನೋಡಿ. ಪೇಪರಿನವರು ಮೊಬೈಲ್ ಕಂಪೆನಿಗಳಿಗೆ ಹರಾಜು ಹಾಕುವುದಕ್ಕೂ ಅದನ್ನೇ ಬಳಸಿ ಕೆಡಿಸಿದರು. ‘ಅಲೆಯುದ್ದ’ ಕೇಳಿದ ಕೂಡಲೇ ತಿಳಿಯುತ್ತದೆ.

ಕುಂದಾಪುರದಿಂದ

ಲೇಸರ್ ಸಾಲವಲ್ಲವೇ? ಪಲ್ಸ್? ಇಂಗ್ಲಿಷಿನ ಸಾಲಕ್ಕೆ ಅಗತ್ಯ ತೋರಿಸದೆ ಸಂಸ್ಕೃತದ್ದಕ್ಕೆ ಮಾತ್ರ ಲೆಕ್ಕ ಕೇಳುವುದು ನ್ಯಾಯವಲ್ಲ. ಸಾವಿರ ವರ್ಷದಿಂದ ಮನೆಯೊಳಗಿರುವ ಮಾತುಗಳವು.

ಸುರತ್ಕಲ್‌ನಿಂದ

ಲೇಸರ್ ವಸ್ತುವಿನ ಹೆಸರು, ವಸ್ತುವಿನೊಂದಿಗೇ ಬಂತು, ಇರಲಿ. 1064ಕ್ಕೆ ಅವಕೆಂಪೇ ಸರಿ. ಅಲೆಯುದ್ದ ಒಳ್ಳೆಯದು, ತರಂಗದೂರವೂ ಓಡುತ್ತದೆ. ಇವೆರಡರ ಮೇಲೆ ಜಗಳ ಮಾಡಿ ಹೊತ್ತು ಹಾಳು ಮಾಡುವುದು ಬೇಡ.

‘ಡಂಪ್’ ಮಾತ್ರ ಹಾಗೇ ಬಿಡಬೇಡಿ. ಮಂಗಳೂರಿನವರಿಗೆ ಡಂಪ್ ಅಂದರೆ ಕಸ ಹಾಕುವ ಜಾಗ. ಮೇಜಿನ ಕೊನೆಯಲ್ಲಿರುವ ಕಪ್ಪು ಪೆಟ್ಟಿಗೆಯ ಮೇಲೆ ಹಾಗೆಂದು ಬರೆದರೆ ಯಾರಾದರೂ ಎತ್ತಿ ಬದಿಗಿಡುತ್ತಾರೆ, ಕಿರಣ ನೆಟ್ಟಗೆ ಗೋಡೆಗೆ ಹೋಗುತ್ತದೆ. ‘ಕಿರಣ ಹೀರುಪೆಟ್ಟಿಗೆ’ ಎಂದಿಟ್ಟು ಕೆಳಗೆ ‘ಜರುಗಿಸಬೇಡಿ’ ಎಂದು ಬರೆಯಿರಿ. ಅರಿಸಮಾಸವಾದರೆ ಆಗಲಿ. ಬರೇ ಕಪ್ಪಗಿದ್ದರೆ ಸಾಕೆಂದು ಕೈಪಿಡಿಯಲ್ಲಿ ಹೇಳಬೇಡಿ. ಕಪ್ಪು ಆನೊಡೈಸ್ ಮಾಡಿದ ಅಲ್ಯೂಮಿನಿಯಂ 532ನ್ನು ಹೀರುತ್ತದೆ, 1064ರಲ್ಲಿ ಸಾಕಷ್ಟು ಪಾಲನ್ನು ಹಿಂದಕ್ಕೆ ಎಸೆಯಬಹುದು. ಒಳಗೆ ಶಂಕುವಿನ ಆಕಾರ ಬೇಕು, ಕಿರಣ ಹಲವು ಸಲ ಗೋಡೆಗೆ ಬಡಿದು ಅಲ್ಲೇ ಸಾಯುವ ಹಾಗೆ.

ಕನ್ನಡಕದ ಬಗ್ಗೆ ಯಾರೂ ಕೇಳಲಿಲ್ಲ. ‘ಲೇಸರ್ ಕನ್ನಡಕ ಧರಿಸಿ’ ಎಂದು ಮಾತ್ರ ಬರೆದರೆ ಸಿಕ್ಕಿದ್ದನ್ನು ಹಾಕಿಕೊಳ್ಳುತ್ತಾರೆ. 532ಕ್ಕೆ ಮಾಡಿದ ಕಿತ್ತಳೆ ಬಣ್ಣದ್ದು 1064ನ್ನು ತಡೆಯುತ್ತದೆಂಬ ಖಾತ್ರಿಯಿಲ್ಲ. ಚೌಕಟ್ಟಿನ ಮೇಲೆ ಎರಡೂ ಅಲೆಯುದ್ದ, ಎರಡಕ್ಕೂ ಓ.ಡಿ. ಸಂಖ್ಯೆ (ಬೆಳಕನ್ನು ಎಷ್ಟು ತಡೆಯುತ್ತದೆಂಬ ಅಳತೆ) ಅಚ್ಚಾಗಿರಬೇಕು. ಓ.ಡಿ. 7 ಎಂದರೆ ಕೋಟಿಯಲ್ಲಿ ಒಂದು ಪಾಲು ಮಾತ್ರ ಒಳಗೆ ಬಿಡುತ್ತದೆ. ಸಂಖ್ಯೆಯನ್ನು ಹಾಗೇ ಬರೆಯಿರಿ, ‘ಪ್ರಕಾಶ ಸಾಂದ್ರತೆ’ ಮಾಡಬೇಡಿ. ಕನ್ನಡಕದ ಮೇಲೆ ಇರುವುದೂ ಕೈಪಿಡಿಯಲ್ಲಿ ಇರುವುದೂ ಒಂದೇ ಆಗಿರಬೇಕು.

ಮಣಿಪಾಲದಿಂದ

ಹೀರುಪೆಟ್ಟಿಗೆ ಒಪ್ಪಿತು. ‘ಕಾಲಿಮೇಟ್’ ಉಳಿಯಿತು. ‘ಸಮಾಂತರಗೊಳಿಸು’ ಎಂದರೆ ಸಾಕೇ?

ಕುಂದಾಪುರದಿಂದ

ಸಾಕು. ಆ ಇಂಗ್ಲಿಷ್ ಪದ ಲ್ಯಾಟಿನ್ ಹಸ್ತಪ್ರತಿಯ ತಪ್ಪೋದಿನಿಂದ ಹುಟ್ಟಿದ್ದು. ನೇರ ಮಾಡು ಎಂಬರ್ಥದ ‘ಕೊಲ್ಲಿನೆಯಾರೆ’ಯನ್ನು ‘ಕೊಲ್ಲಿಮಾರೆ’ ಎಂದು ಓದಿದರು. ಅಂಥದ್ದನ್ನು ಸಾಲ ತರುವುದು ಯಾಕೆ?

ಸುರತ್ಕಲ್‌ನಿಂದ

ಹುಟ್ಟು ಹೇಗಾದರೂ ಇರಲಿ, ಕಾಲೇಜಿನ ಡಾರ್ಕ್ ರೂಮಿನ ಸ್ಪೆಕ್ಟ್ರೊಮೀಟರಿಗೆ ಕಾಲಿಮೇಟರ್ ಉಂಟು, ವಿದ್ಯಾರ್ಥಿಗಳಿಗೆ ಅದರ ಹೆಸರು ಗೊತ್ತು. ಭಾಗದ ಹೆಸರು ಕಾಲಿಮೇಟರ್ ಆಗಿಯೇ ಉಳಿಯಲಿ. ಕ್ರಿಯೆಗೆ ‘ಸಮಾಂತರಗೊಳಿಸು’ ಹೇಳುವುದು ಸುಳ್ಳು. ಎಂದೆಂದಿಗೂ ಸಮಾಂತರ ಇರುವ ಕಿರಣವಿಲ್ಲ, ವಿವರ್ತನೆ (ಅಲೆ ತಾನಾಗಿ ಹರಡುವ ಗುಣ) ಬಿಡುವುದಿಲ್ಲ. 0.8 ಮಿಲಿಮೀಟರ್ ಅಗಲದ ಹೀಲಿಯಂ-ನಿಯಾನ್ ಕಿರಣ, ಅಲೆಯುದ್ದ 632.8, ಹತ್ತು ಮೀಟರ್ ಹೋಗುವಷ್ಟರಲ್ಲಿ ಸುಮಾರು ಹತ್ತು ಮಿಲಿಮೀಟರ್ ಆಗಿರುತ್ತದೆ. ಅದನ್ನೇ ಹತ್ತು ಪಟ್ಟು ಅಗಲಿಸಿ ಬಿಟ್ಟರೆ ಅದೇ ದೂರದಲ್ಲಿ ಹೆಚ್ಚಳ ಬರಿಗಣ್ಣಿಗೆ ತಿಳಿಯುವುದೇ ಇಲ್ಲ. ಆದುದರಿಂದ ‘ಹರವು ತಗ್ಗಿಸು’.

ಕೈಪಿಡಿಗೆ ಹೀಗೆ ಬರೆಯಿರಿ: 25 ಮಿ.ಮೀ. ಸಂಗಮದೂರದ ಮಸೂರ, ಅದರಿಂದ 275 ಮಿ.ಮೀ. ಆಚೆ 250ರದ್ದು. ಎರಡನೆಯದನ್ನು ಜರುಗುಪೀಠದ ಮೇಲೆ ಕೂರಿಸಿ. ಹೊರಬಂದ ಕಿರಣಕ್ಕೆ ಶಿಯರ್ ಪ್ಲೇಟ್ (ಹರವು ಉಂಟೇ ಎಂದು ತೋರಿಸುವ ಗಾಜಿನ ಫಲಕ) ಹಿಡಿದರೆ ತೆರೆಯ ಮೇಲೆ ಗೆರೆಗಳು ಕಾಣುತ್ತವೆ. ಗುರುತಿನ ಗೆರೆಗೆ ಅವು ಓರೆಯಾಗಿದ್ದರೆ ಹರವು ಇನ್ನೂ ಉಂಟು, ಇಲ್ಲವೇ ಕಿರಣ ಮುಂದೆಲ್ಲೋ ಕೂಡುತ್ತಿದೆ. ಓರೆ ಹೋಗುವವರೆಗೆ ಎರಡನೇ ಮಸೂರವನ್ನು ಸ್ವಲ್ಪ ಸ್ವಲ್ಪವೇ ಜರುಗಿಸಬೇಕು. ಗೆರೆಗಳೇ ಕಾಣದಿದ್ದರೆ ಮೊದಲು ಮಸೂರದ ಧೂಳು ನೋಡಿ, ಆಮೇಲೆ ಕಿರಣ ಎರಡೂ ಮಸೂರಗಳ ನಡುವಿನಲ್ಲಿ ಹೋಗುತ್ತಿದೆಯೇ ನೋಡಿ.

ಕದ್ರಿಯಿಂದ

ಆ ಗೆರೆಗಳಿಗೆ ‘ವ್ಯತಿಕರಣ ಪಟ್ಟಿ’ ಬರೆಯಬೇಡಿ. ಬಟ್ಟೆಯ ಅಂಚಿಗೆ ‘ಕರೆ’ ಎಂಬ ಹಳೆಯ ಮಾತುಂಟು, ಜೋಡುಕರೆ ಕಂಬಳದಲ್ಲಿ ಇಂದಿಗೂ ಬದುಕಿದೆ.

ಸುರತ್ಕಲ್‌ನಿಂದ

ಕರೆದರೆ, ಹಾಲು ಕರೆದರೆ, ಬಟ್ಟೆಗೆ ಕರೆ ಹಿಡಿದರೆ? ಶಕಟರೇಫ ಹೋದಮೇಲೆ ಎಲ್ಲ ಒಂದೇ ಆಗಿದೆ. ‘ಗೆರೆ’ ಸಾಕು.

ಮಣಿಪಾಲದಿಂದ

ಗೆರೆ ಎಂದೇ ಬರೆದಿದ್ದೇನೆ. ಕರೆಯ ಚರ್ಚೆಗೆ ದಯವಿಟ್ಟು ಬೇರೆ ಶೀರ್ಷಿಕೆ ಕೊಡಿ.