ಮುತ್ತಾತನಿಂದ ಆಚೆಗೆ ಯಾರಿಗೂ ಗೊತ್ತಿಲ್ಲ, ಹಳೇ ದಾಖಲೆ ಎಲ್ಲಿ ಹುಡುಕೋದು? (ಚಿಂತಾಮಣಿ ಕಡೆ)

ಚಿಂತಾಮಣಿ_ಸೀಮೆ:
ಎಲ್ರಿಗೂ ನಮಸ್ಕಾರ. ನಮ್ದು ಚಿಂತಾಮಣಿ ತಾಲೂಕು, ಮನೇಲಿ ತೆಲುಗು, ಮನೆದೇವ್ರು ಕದಿರಿ ನರಸಿಂಹಸ್ವಾಮಿ. ನಮ್ಮಪ್ಪನ ತಾಯಿ ಈ ಸಲ ತೀರ್ಕೊಂಡ್ರು, ತೊಂಬತ್ತು ದಾಟಿತ್ತು. ತಿಥಿ ದಿನ ಪುರೋಹಿತ್ರು ಹಿರೀಕರ ಹೆಸ್ರು ಹೇಳ್ಕೊಂಡು ಬನ್ನಿ ಅಂದ್ರು, ಅಪ್ಪ ಅವರಪ್ಪ ಮುನಿಯಪ್ಪ ಅಂದ್ರು, ಅವರ ತಾತ ನರಸಪ್ಪ ಅಂದ್ರು, ಅಲ್ಲಿಗೆ ನಿಂತೋಯ್ತು. (ಹೆಸ್ರು ಬದಲಾಯ್ಸಿ ಬರೀತಿದೀನಿ.) ಅದರಾಚೆ ಯಾರು, ಎಲ್ಲಿಂದ ಬಂದ್ರು ಅಂತ ಊರಲ್ಲಿ ಒಬ್ರಿಗೂ ಗೊತ್ತಿಲ್ಲ. ಗೊತ್ತಿದ್ದಿದ್ದು ಅಜ್ಜಿಗೆ ಒಬ್ರಿಗೇನೆ, ಅವರನ್ನ ಕೂರಿಸ್ಕೊಂಡು ಕೇಳಿ ಬರ್ಕೋಬೇಕು ಅಂತ ನಾಲ್ಕು ವರ್ಷದಿಂದ ಅಂದ್ಕೊತಾನೇ ಇದ್ದೆ, ಕೇಳ್ಲಿಲ್ಲ. ಈಗ ನೆನೆಸ್ಕೊಂಡ್ರೆ ಹೊಟ್ಟೇಲಿ ಸಂಕಟ ಆಗುತ್ತೆ.

ಅವರ ಟ್ರಂಕಲ್ಲಿ ಸೀರೆ ಕೆಳಗೆ ಬಟ್ಟೇಲಿ ಸುತ್ತಿಟ್ಟ ಒಂದು ಪತ್ರ ಸಿಕ್ತು. ನಾಲ್ಕು ಮಡಿಕೆ ಮಾಡಿದಾರೆ, ಮಡಿಕೆ ಬಿದ್ದ ಕಡೆ ಎಲ್ಲಾ ಹರಿದಿದೆ, ಒಂದು ಮೂಲೆ ಗೆದ್ದಲು ತಿಂದಿದೆ. ಮೇಲೆ ಗಂಡಭೇರುಂಡದ ಛಾಪು, ಬೆಲೆ ಆಣೆ ಲೆಕ್ಕದಲ್ಲಿ. ಅಕ್ಷರ ಎಲ್ಲಾ ಒಂದಕ್ಕೊಂದು ಸೇರಿಸಿ ಬರ್ದಿದಾರೆ, ಕಷ್ಟಪಟ್ಟು ಓದಿದ್ರೆ ವಿಳಂಬಿ ನಾಮ ಸಂವತ್ಸರದ ಕಾರ್ತೀಕ ಬಹುಳ ಅಂತ ಇದೆ, ಹೊಸಹಳ್ಳಿ ಅಂತ ಇದೆ, ಆಮೇಲೆ ಹೋಬಳಿ ಹೆಸರಿರೋ ಜಾಗ ಸರಿಯಾಗಿ ಗೆದ್ದಲಿಗೆ ಹೋಗಿದೆ. ಮುನಿಯಪ್ಪ ಬಿನ್ ನರಸಪ್ಪ ಅಂತಿದೆ, ಅಂದ್ರೆ ನಮ್ಮ ತಾತಂದೇ ಪತ್ರ ಅಂದ್ಕೊಂಡೆ. ಆದ್ರೆ ರುಜು ಜಾಗದಲ್ಲಿ ಇಂಟು ಮಾರ್ಕ್ ಥರ ಒಂದು ಗೀಟು, ಪಕ್ಕದಲ್ಲಿ ನಿಶಾನಿ ಅಂತ ಬೇರೆ ಯಾರೋ ಬರ್ದಿದಾರೆ. ನಮ್ಮ ತಾತ ದಿನಾ ಪೇಪರ್ ಓದೋರು, ಚೆನ್ನಾಗಿ ಸೈನ್ ಹಾಕೋರು, ಅವರ್ಯಾಕೆ ಗೀಟು ಎಳೀತಾರೆ ಅಂತ ಅರ್ಥ ಆಗ್ಲಿಲ್ಲ. ಅಪ್ಪನ ಇನಿಷಿಯಲ್ಲಲ್ಲಿ ಹೆಚ್ ಇದೆ, ನಮ್ಮೂರ ಹೆಸ್ರು ಹೆಚ್ ಇಂದ ಶುರುವಾಗಲ್ಲ, ಹಾಗಾಗಿ ಹೊಸಹಳ್ಳಿನೇ ಮೂಲ ಇರ್ಬೋದು. ಆದ್ರೆ ಹೊಸಹಳ್ಳಿ ಅಂದ್ರೆ ಒಂದಾ ಎರಡಾ. ಅಜ್ಜಿ ಒಂದು ಮಾತು ಹೇಳ್ತಾ ಇದ್ರು, ನಮ್ಮೋರು ಗುಡಿಸ್ಲು ವರ್ಷದಲ್ಲಿ ಬಂದೋರು ಅಂತ, ಅದೇನು ಅಂತಾನೂ ಗೊತ್ತಿಲ್ಲ. ಭೂಮಿ ವೆಬ್‌ಸೈಟಲ್ಲಿ ನೋಡಿದೆ, ತಾತನ ಹೆಸ್ರಿಂದ ಹಿಂದಕ್ಕೆ ಏನೂ ಬರಲ್ಲ. ದಯವಿಟ್ಟು ದಾರಿ ತೋರ್ಸಿ.

ಮಧುಗಿರಿ_ಮೇಷ್ಟ್ರು:
ಮೊದಲು ಆ ಪತ್ರಾನ ಮತ್ತೆ ಮತ್ತೆ ಬಿಚ್ಚಬೇಡಮ್ಮ. ಒಂದ್ಸಲ ಬಿಸಿಲಲ್ಲದ ಬೆಳಕಲ್ಲಿ ಎರಡೂ ಕಡೆ ಫೋಟೋ ತೆಗೆದು ಮಡಿಸದೆ ಎತ್ತಿಡು, ಟೇಪ್ ಅಂಟಿಸ್ಬೇಡ, ಲ್ಯಾಮಿನೇಷನ್ ಅಂತೂ ಮಾಡಿಸ್ಲೇಬೇಡ.

ಈಗ ವಿಷಯಕ್ಕೆ. ಸಂವತ್ಸರ ಅರವತ್ತು ವರ್ಷಕ್ಕೊಂದ್ಸಲ ತಿರುಗಿ ಬರುತ್ತೆ. ಮೊನ್ನೆ ಮೊನ್ನೆ ವಿಳಂಬಿ ಬಂದಿದ್ದು 2018ರ ಯುಗಾದಿಗೆ, ಅದರ ಹಿಂದಿಂದು 1958, ಅದಕ್ಕೂ ಹಿಂದಿಂದು 1898. ನೀನು 1958 ಅಂದ್ಕೊಂಡು ತಾತಂದು ಅಂತಿದೀಯ. ಆದ್ರೆ 1957ರ ಏಪ್ರಿಲಲ್ಲೇ ನಯಾಪೈಸೆ ಬಂತು, ನಿನ್ನ ಪತ್ರದಲ್ಲಿ ಆಣೆ ಇದೆ. ತಾತ ಸೈನ್ ಹಾಕೋರು, ಪತ್ರದಲ್ಲಿರೋನಿಗೆ ಅಕ್ಷರ ಬರಲ್ಲ. ನಮ್ಮ ಕಡೆ ತಾತನ ಹೆಸ್ರು ಮೊಮ್ಮಗನಿಗೆ ಇಡೋದು ವಾಡಿಕೆ, ಮುನಿಯಪ್ಪನ ಮಗ ನರಸಪ್ಪ, ನರಸಪ್ಪನ ಮಗ ಮತ್ತೆ ಮುನಿಯಪ್ಪ, ಹೀಗೇ ಜಡೆ ಹೆಣೆದಂಗೆ ಹೋಗುತ್ತೆ. ನನ್ನ ಲೆಕ್ಕದಲ್ಲಿ ನಿನ್ನ ಕೈಲಿರೋದು 1898ರ ಪತ್ರ, ಅದರಲ್ಲಿರೋ ಮುನಿಯಪ್ಪ ನಿಮ್ಮ ತಾತ ಅಲ್ಲ, ತಾತನ ತಾತ. ಬಿನ್ ಅಂದ್ರೆ ಇಂಥವನ ಮಗ, ಹಂಗಾದ್ರೆ ಅವರಪ್ಪ ಇನ್ನೊಬ್ಬ ನರಸಪ್ಪ. ನಿಂತೋಯ್ತು ಅಂದಿದ್ದ ಜಾಗದಿಂದ ಎರಡು ತಲೆಮಾರು ಆಗ್ಲೇ ಹಿಂದಕ್ಕೆ ಹೋದೆ ನೋಡು.

ಗುಡಿಸ್ಲು ವರ್ಷಾನೂ ಇದಕ್ಕೇ ಸೇರುತ್ತೆ. 1898ರ ಆಗಸ್ಟಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಅಲ್ಲಿಂದ ಸುತ್ತಮುತ್ತ ಹರಡ್ತು. ಇಲಿ ಬಿತ್ತು ಅಂದ ತಕ್ಷಣ ಊರಿಗೂರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸ್ಲು ಹಾಕ್ಕೊಂಡು ಇರೋರು, ನಮ್ಮ ಕಡೆ ಮುದುಕ್ರೂ ಈ ಮಾತು ಹೇಳ್ತಿದ್ರು. ಅದೇ ವರ್ಷದ ಕಾರ್ತೀಕದಲ್ಲಿ ಜಮೀನಿನ ಪತ್ರ ಆಗಿದೆ ಅಂದ್ರೆ, ಊರು ಬಿಡೋ ಹೊತ್ತಲ್ಲಿ ಭೋಗ್ಯಕ್ಕೆ ಹಾಕಿರ್ಬೋದು. ಭೋಗ್ಯ ಅಂತ ಪದ ಇದೆಯಾ ನೋಡು.

ಪತ್ರದ ಹಿಂಭಾಗ ತಿರುಗ್ಸಿ ನೋಡಿದ್ಯಾ? ರಿಜಿಸ್ಟರ್ ಆಗಿದ್ರೆ ಹಿಂದೆ ಸಬ್‌ರಿಜಿಸ್ಟ್ರಾರ್ ಮೊಹರು, ದಸ್ತಾವೇಜು ನಂಬರು, 1ನೇ ಪುಸ್ತಕ, ಸಂಪುಟ, ಪುಟ ಅಂತ ಇರುತ್ತೆ. ಅದಿಷ್ಟು ಸಿಕ್ರೆ ಗೆದ್ದಲು ತಿಂದಿದ್ದಕ್ಕೆ ಚಿಂತೆ ಬೇಡ, ಪೂರಾ ಪತ್ರಾನ ಅವರು ಪುಸ್ತಕದಲ್ಲಿ ಇಳಿಸ್ಕೊಂಡಿರ್ತಾರೆ, ಅರ್ಜಿ ಹಾಕಿ ನಕಲು ತಗೋಬೋದು. ನಂಬರ್ ಇಲ್ಲ ಅಂದ್ರೂ ಹೆಸರಿನ ಇಂಡೆಕ್ಸ್ ಬೇರೆ, ಜಮೀನಿನ ಇಂಡೆಕ್ಸ್ ಬೇರೆ ಇಟ್ಟಿರ್ತಾರೆ, ಹೆಸ್ರು ಹಿಡ್ಕೊಂಡು ಹುಡುಕಿಸ್ಬೋದು. ಆನ್‌ಲೈನ್ ಇಸಿಲಿ (ಜಮೀನಿನ ಋಣಭಾರ ಪತ್ರ) ಅಷ್ಟು ಹಳೇದು ಬರಲ್ಲ, ಕಚೇರಿಗೇ ಹೋಗ್ಬೇಕು.

ಇನ್ನೊಂದು, ಇದನ್ನ ಮರೀಬೇಡ. ಚೆಕ್ಕುಬಂದಿ ಓದು. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರ್ದು ಅಂತ ಬರ್ದಿರೋ ಭಾಗ. ಎಲ್ರೂ ಅದನ್ನ ಬಿಟ್ಟು ಹೆಸ್ರು ಮಾತ್ರ ಹುಡುಕ್ತಾರೆ. ಅಣ್ಣ ತಮ್ಮಂದ್ರು ಪಾಲು ಮಾಡ್ಕೊಂಡ್ರೆ ಹೊಲ ಅಕ್ಕಪಕ್ಕದಲ್ಲೇ ತಾನೆ ಇರೋದು. ಪಕ್ಕದ ಹೊಲದೋನೂ ಬಿನ್ ನರಸಪ್ಪ ಆಗಿದ್ರೆ ಅವನು ನಿಮ್ಮ ದೊಡ್ಡಪ್ಪನೋ ಚಿಕ್ಕಪ್ಪನೋ ಕಡೆಯೋನು, ಅವನ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಅಲ್ಲೇ ಇರ್ಬೋದು, ನಿಮಗೆ ಮರೆತಿದ್ದು ಅವರಿಗೆ ನೆನಪಿರ್ಬೋದು.

ಸರಪಳಿ_ಲಿಂಕು:
ನಾನು ಕೋಲಾರ ಕಡೆ ಸರ್ವೆ ಕೆಲ್ಸ ಮಾಡೋನು. ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ಭೂಮೀಲಿ ಸಿಗೋದು ಕಂಪ್ಯೂಟರ್ ಪಹಣಿ ಶುರುವಾದ 2000ದ ಆಸುಪಾಸಿಂದ ಈಚೆಗಿನದು ಮೇಡಂ, ಅಲ್ಲಿ ಇಲ್ಲ ಅಂದ್ರೆ ದಾಖಲೆನೇ ಇಲ್ಲ ಅಂತ ಅಲ್ಲ. ತಾಲೂಕು ಕಚೇರಿ ರೆಕಾರ್ಡ್ ರೂಮಲ್ಲಿ ಕೈಬರಹದ ಪಹಣಿ, ಮ್ಯುಟೇಶನ್ ಪುಸ್ತಕ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ಆರ್‌ಆರ್ (ಹಕ್ಕು ದಾಖಲೆ) ಇರ್ತವೆ. ಈಗ ಭೂ ಸುರಕ್ಷಾ ಅಂತ ಅವನ್ನೆಲ್ಲಾ ಸ್ಕ್ಯಾನ್ ಮಾಡ್ತಿದಾರೆ. ಕೇಳೋವಾಗ ತಾತನ ಹೆಸ್ರು ಹೇಳ್ಕೊಂಡು ಹೋಗ್ಬೇಡಿ, ಸರ್ವೆ ನಂಬರ್ ಹಿಡ್ಕೊಂಡು ಹೋಗಿ, ಅಲ್ಲಿ ಎಲ್ಲಾ ಜೋಡ್ಸಿರೋದು ಸರ್ವೆ ನಂಬರ್ ಮೇಲೆ. ಪೌತಿ ಖಾತೆ ಆಗಿರೋ ಎಂಆರ್ (ಮ್ಯುಟೇಶನ್ ರಿಜಿಸ್ಟರ್ ನಮೂದು) ಸಿಕ್ರೆ ಚಿನ್ನ ಸಿಕ್ಕಂಗೆ, ಯಾರು ಸತ್ರು, ಖಾತೆ ಯಾವ ಮಗನ ಹೆಸ್ರಿಗೆ ಬಂತು ಎಲ್ಲಾ ಒಂದೇ ಸಾಲಲ್ಲಿ ಇರುತ್ತೆ.

ಹೊಸಹಳ್ಳಿ ವಿಷಯಕ್ಕೆ ಹೇಳ್ತೀನಿ. ಜನ ಇರೋ ಹೊಸಹಳ್ಳಿಗಳನ್ನ ಮಾತ್ರ ಹುಡುಕ್ತಿದೀರ ಅನ್ಸುತ್ತೆ. ಬೇಚಿರಾಕ್ ಗ್ರಾಮಗಳನ್ನೂ ನೋಡಿ. ಬೇಚಿರಾಕ್ ಅಂದ್ರೆ ದೀಪ ಹಚ್ಚೋರಿಲ್ಲದ ಊರು, ಜನ ಬಿಟ್ಟು ಹೋಗಿರ್ತಾರೆ, ಆದ್ರೆ ಊರಿನ ಹೆಸ್ರು, ಸರ್ವೆ ನಂಬರ್, ನಕ್ಷೆ ಎಲ್ಲಾ ದಾಖಲೇಲಿ ಇದ್ದೇ ಇರುತ್ತೆ. ಬರದಲ್ಲಿ ಹಾಳಾದವು ಇವೆ, ಪ್ಲೇಗಲ್ಲಿ ಖಾಲಿಯಾದವೂ ಇವೆ. ಧಾತು ಈಶ್ವರ ಸಂವತ್ಸರದ ದೊಡ್ಡ ಬರ, 1876ರಿಂದ 78ರದ್ದು, ಅದರಲ್ಲೇ ಎಷ್ಟೋ ಊರು ಹಾಳಾದ್ವು. ಸರ್ವೆ ಇಲಾಖೇಲಿ ಗ್ರಾಮ ನಕ್ಷೆ ಸಿಗುತ್ತೆ, ಹೋಬಳಿವಾರು ಊರುಗಳ ಪಟ್ಟಿ ಕೇಳಿ ಬೇಚಿರಾಕ್ ಅಂತ ಇರೋವನ್ನ ಗುರುತು ಹಾಕ್ಕೊಳ್ಳಿ. ಮೈಸೂರು ಸೀಮೇಲಿ ರೆವಿನ್ಯೂ ಸರ್ವೆ ಶುರುವಾಗಿದ್ದು 1863ರಲ್ಲಿ, ಅದಕ್ಕಿಂತ ಹಿಂದಕ್ಕೆ ಸರ್ವೆ ನಂಬರ್ ಹಿಡಿದು ಹೋಗೋಕಾಗಲ್ಲ. ಊರು ಜೋಡಿ ಗ್ರಾಮ (ಇನಾಂದಾರರ ಕೈಲಿದ್ದ ಊರು) ಆಗಿದ್ರೆ ಇನ್ನೂ ಈಚೆಗೆ, 1954ರ ಇನಾಂ ರದ್ದತಿ ಕಾಯ್ದೆ ಆದ್ಮೇಲೆ ತಾನೆ ಸರ್ಕಾರದ ಹತ್ರ ರೈತರ ಲೆಕ್ಕ ನೆಟ್ಟಗೆ ಬಂದಿದ್ದು.

ಒಂದು ಕಚೇರೀಲಿ ನಮ್ಮ ಸಂಬಂಧಿಕರದ್ದೇ ಹಳೇ ಪುಸ್ತಕ ಕೇಳಿದ್ದಕ್ಕೆ ಮಳೆ ನೀರು ಸೋರಿ ಹಾಳೆ ಎಲ್ಲಾ ಅಂಟ್ಕೊಂಡಿತ್ತು, ನೋಡಿ ಕಣ್ಣಲ್ಲಿ ನೀರು ಬಂತು ನಂಗೆ. ಅದಕ್ಕೇ ಹೇಳ್ತಿರೋದು, ನಾಳೆ ನಾಡಿದ್ದು ಅನ್ನದೆ ಬೇಗ ಹೋಗಿ.

ಚಿಂತಾಮಣಿ_ಸೀಮೆ:
ಮೇಷ್ಟ್ರೇ ನಿಮ್ಮ ಮೆಸೇಜ್ ಓದಿ ಅಪ್ಪನಿಗೆ ಫೋನ್ ಮಾಡ್ದೆ, ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ ಅದಕ್ಕೇ ನಂಗೆ ನರಸಿಂಹ ಅಂತ ಇಟ್ಟಿರೋದು ಅಂದ್ರು. ಹಿಂದೆ ಮೊಹರು ಇದೆ, ನಂಬರ್ ಅರ್ಧ ಓದಕ್ಕಾಗುತ್ತೆ. ಭೋಗ್ಯ ಅಂತಾನೂ ಇದೆ! ಇನ್ನೊಂದು ಡೌಟು, ಹೆಂಗಸರ ಹೆಸ್ರು ಎಲ್ಲೂ ಬರೋದೇ ಇಲ್ವಾ? ತಾತನ ತಾಯಿ ಹೆಸ್ರು ಸಹ ನಮಗೆ ಗೊತ್ತಿಲ್ಲ.

ಬಂಗಾರಪೇಟೆ_ಅಕ್ಕ:
ಬರುತ್ತೆ ತಂಗಿ, ಕಮ್ಮಿ ಬರುತ್ತೆ ಆದ್ರೆ ಬರುತ್ತೆ. ಕೋಂ ಅಂತ ಎಲ್ಲಿದೆ ನೋಡು, ಇಂಥವನ ಹೆಂಡ್ತಿ ಅಂತ ಅರ್ಥ. ಗಂಡ ಸತ್ತು ಮಕ್ಕಳು ಚಿಕ್ಕೋರಿದ್ದಾಗ ಮೈನರ್ ಗಾರ್ಡಿಯನ್ ತಾಯಿ ಅಂತ ಅವಳ ಹೆಸ್ರು ಬರುತ್ತೆ, ತವರಿನೋರು ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟ ಹೊಲದ ದಾನಪತ್ರದಲ್ಲಿ ಬರುತ್ತೆ.

ಇಲ್ಲಿ ಎಲ್ರೂ ಜಮೀನಿನ ದಾಖಲೆ ಬಗ್ಗೆನೇ ಹೇಳ್ತಿದಾರೆ, ತಪ್ಪಲ್ಲ, ಆದ್ರೆ ಜಮೀನೇ ಇಲ್ಲದೋರ ಕಥೆನೂ ಹೇಳ್ಬೇಕಲ್ಲ. ನಮ್ಮೋರು ಹೊಲೆಯರು, ನಮ್ಮ ತಾತ ಊರಿನ ತೋಟಿ. ಪತ್ರ ಇಲ್ಲ, ಟ್ರಂಕ್ ಇಲ್ಲ, ನಮಗೆಲ್ಲಿ ವಂಶಾವಳಿ ಅಂತ ನಮ್ಮಮ್ಮ ಅಂತಿದ್ರು. ನಂಗೆ ಅದು ಒಪ್ಪಿಗೆ ಆಗ್ಲಿಲ್ಲ. ತೋಟಿ, ತಳವಾರ, ನೀರಗಂಟಿ ಇವರಿಗೆಲ್ಲಾ ಸೇವೆಗೆ ಅಂತ ಇನಾಂ ಜಮೀನು ಇರ್ತಿತ್ತು, 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂದ್ಮೇಲೆ ಆ ಜಮೀನು ಮತ್ತೆ ಅವರಿಗೇ ಮಂಜೂರು ಮಾಡಿಸ್ಕೊಳ್ಳೋಕೆ ಅರ್ಜಿ ಹಾಕ್ಬೇಕಿತ್ತು, ಆ ರೀಗ್ರಾಂಟ್ ಫೈಲಲ್ಲಿ ನಾನು ಇಂಥವನ ಮಗ, ನಮ್ಮ ತಾತನ ಕಾಲದಿಂದ ಈ ಕೆಲ್ಸ ಮಾಡ್ಕೊಂಡು ಬಂದಿದೀವಿ ಅಂತ ವಂಶವೃಕ್ಷ ಸಮೇತ ಇರುತ್ತೆ. ಗೇಣಿ ಮಾಡ್ತಿದ್ದೋರಿಗೆ ಫಾರಂ 7, ಅದು 1974ರ ಭೂಸುಧಾರಣೆ ಆದ್ಮೇಲೆ ಹಾಕಿದ್ದು, 1979ರ ಜೂನ್ ಕೊನೆವರೆಗೂ ಹಾಕೋಕೆ ಅವಕಾಶ ಇತ್ತು. ಭೂ ನ್ಯಾಯಮಂಡಳಿ ಮುಂದೆ ಅವರು ಬಾಯಲ್ಲಿ ಹೇಳಿದ ಹೇಳಿಕೆನೇ ಬರ್ಕೊಂಡಿರ್ತಾರೆ.

ನಾನು ಆ ರೀಗ್ರಾಂಟ್ ಫೈಲ್ ನಕಲು ತಗೊಂಡಾಗ ಮೂರನೇ ಹಾಳೇಲಿ ನಮ್ಮ ಮುತ್ತಜ್ಜಿ ಹೆಸ್ರಿತ್ತು, ಪಕ್ಕದಲ್ಲಿ ಅವಳ ಹೆಬ್ಬೆಟ್ಟು, ನೇರಳೆ ಮಸಿ. ಬೆರಳಿನ ಗೆರೆ ಎಲ್ಲಾ ಸವೆದು ಮಧ್ಯದಲ್ಲಿ ಬರೀ ಬಿಳಿ. ಕೂಲಿ ಮಾಡಿ ಮಾಡಿ ಸವೆದ ಬೆರಳು ಅದು. ಅಮ್ಮನಿಗೆ ತೋರಿಸಿದ್ರೆ ಆ ಗುರುತಿನ ಮೇಲೆ ತನ್ನ ಹೆಬ್ಬೆಟ್ಟು ಇಟ್ಕೊಂಡು ಕೂತ್ಬಿಟ್ರು.

ಇನ್ನು ಸ್ಕೂಲಿನ ದಾಖಲಾತಿ ರಿಜಿಸ್ಟರ್ ನೋಡು, ಹಳೇ ಸರ್ಕಾರಿ ಶಾಲೆಗಳಲ್ಲಿ ಇನ್ನೂ ಇಟ್ಟಿರ್ತಾರೆ. 2002ರ ಮತದಾರರ ಪಟ್ಟಿ ಚುನಾವಣಾಧಿಕಾರಿಗಳ ವೆಬ್‌ಸೈಟಲ್ಲಿದೆ, ಅವತ್ತು ಬದುಕಿದ್ದ ಮುದುಕ್ರ ಅಪ್ಪನ ಹೆಸ್ರು ಅದರಲ್ಲಿ ಸಿಗುತ್ತೆ. ಕೆಜಿಎಫ್ ಕಡೆಯೋರು ಇದನ್ನ ಓದ್ತಿದ್ರೆ, ಕ್ರಿಶ್ಚಿಯನ್ ಮನೆಯೋರಾದ್ರೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ಕೇಳಿ ನೋಡಿ.

ಪಾವಗಡ_ಪಡುವಣ:
ಯಾರೂ ಹೆಳವರ ವಿಷಯ ತೆಗೀಲಿಲ್ವಲ್ಲ. ನಿಮ್ಮದು ತೆಲುಗು ಮನೆ ಅಂದ್ರಿ, ತೆಲುಗಲ್ಲಿ ಪಿಚ್ಚಿಗುಂಟ್ಲೋರು ಅಂತಾರೆ. ಸುಗ್ಗಿ ಮುಗಿದ ಮೇಲೆ ಮನೆ ಮುಂದೆ ಬಂದು ವಂಶ ಹೊಗಳಿ ಹೇಳ್ತಾರೆ, ಇಂಟಿಪೇರು (ಮನೆತನದ ಹೆಸ್ರು), ಗೋತ್ರ, ಯಾವೂರಿಂದ ಯಾವೂರಿಗೆ ಬಂದ್ರು, ಯಾರಿಗೆ ಎಷ್ಟು ಜನ ಗಂಡು ಮಕ್ಕಳು ಎಲ್ಲಾ. ಅವರಿಗೆ ಇಂಥಾ ಮನೆಗಳು ಅಂತ ಹಂಚಿಕೆ ಇರುತ್ತೆ, ಎಲ್ರ ಮನೇದೂ ಎಲ್ರಿಗೂ ಗೊತ್ತಿರಲ್ಲ. ನಮ್ಮ ಮನೆಗೆ ಬರೋ ಅಜ್ಜ ಪುಸ್ತಕ ಬಿಚ್ಚಿ ಓದೋವಾಗ ಮಧ್ಯೆ ನಿಲ್ಸಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸ್ರು ಹೇಳಿ ಅಂತ ಕೇಳಿ ಬರ್ಕೊತಾರೆ. ಕಾಳು, ಬಟ್ಟೆ, ದುಡ್ಡು ಕೊಟ್ಟು ಕಳಿಸ್ತೀವಿ. ಅವರನ್ನ ಭಿಕ್ಷೆಯೋರು ಅಂತ ಬಾಗಿಲಿಂದ ವಾಪಸ್ ಕಳ್ಸೋರನ್ನ ನೋಡಿದ್ರೆ ನಂಗೆ ತುಂಬಾ ಬೇಜಾರಾಗುತ್ತೆ, ಸರ್ಕಾರಿ ಕಚೇರೀಲಿ ಇಲ್ಲದ್ದು ಅವರ ಹತ್ರ ಇದೆ. ಇಂಟಿಪೇರು ಗೊತ್ತಿದ್ರೆ ಅದೇ ಇಂಟಿಪೇರಿನ ಬೇರೆ ಊರಿನ ಮನೆಗಳಲ್ಲಿ ಕೇಳಿ, ಅವರಿಗೆ ಇನ್ನೂ ಬರ್ತಿರ್ಬೋದು.

ಚಿಂತಾಮಣಿ_ಸೀಮೆ:
ಎರಡು ತಿಂಗಳಾದ್ಮೇಲೆ ಬರೀತಿದೀನಿ, ತಡ ಆಯ್ತು. ಸಬ್‌ರಿಜಿಸ್ಟ್ರಾರ್ ಕಚೇರಿಗೆ ನಾಲ್ಕು ಸಲ ಹೋದ್ಮೇಲೆ ನಕಲು ಸಿಕ್ತು. 1898ರದ್ದೇ. ಗೆದ್ದಲು ತಿಂದಿದ್ದ ಜಾಗದಲ್ಲಿ ಹೋಬಳಿ ಹೆಸ್ರು ಸ್ಪಷ್ಟವಾಗಿದೆ. ಸರ್ವೆ ಅಣ್ಣ ಹೇಳ್ದಂಗೆ ಗ್ರಾಮ ನಕ್ಷೆ ತಗೊಂಡ್ವಿ, ಅದು ಬೇಚಿರಾಕ್ ಗ್ರಾಮಾನೇ, ನಮ್ಮೂರಿಂದ ಬೈಕಲ್ಲಿ ಅರ್ಧ ಗಂಟೆ ದಾರಿ. ಇಷ್ಟು ಹತ್ರ ಇದ್ಕೊಂಡು ಇಷ್ಟು ವರ್ಷ ಗೊತ್ತಿರ್ಲಿಲ್ಲ.

ಅಪ್ಪನ್ನ ಕರ್ಕೊಂಡು ಹೋದೆ. ಒಂದು ದೊಡ್ಡ ಹುಣಸೇಮರ, ಅರ್ಧ ಹೂತಿರೋ ಒರಳುಕಲ್ಲು, ಸ್ವಲ್ಪ ದೂರಕ್ಕೆ ಆಂಜನೇಯನ ಕಲ್ಲು, ಅದಕ್ಕೆ ಯಾರೋ ಹೊಸದಾಗಿ ಸಿಂಧೂರ ಹಚ್ಚಿದ್ರು. ಮಿಕ್ಕಿದ್ದೆಲ್ಲಾ ಟೊಮ್ಯಾಟೋ ತೋಟ. ತೋಟದೋರು ಯಾರು ನೀವು ಅಂತ ಕೇಳಿದ್ರು. ಚೆಕ್ಕುಬಂದೀಲಿ ಉತ್ತರಕ್ಕೆ ಅಂತ ಇದ್ದ ಹೆಸ್ರು, ಅವನೂ ಬಿನ್ ನರಸಪ್ಪ, ನಾನು ಆ ಹೆಸ್ರು ಹೇಳಿದ್ದೇ ತಡ ಅವರು ನಮ್ಮ ಮುತ್ತಾತ ಅವರು ಅಂದ್ರು. ಮೇಷ್ಟ್ರೇ, ನೀವು ಹೇಳ್ದಂಗೇ ಆಯ್ತು. ಅವರ ಮನೇಲಿ ಊಟ ಮಾಡಿ ಬಂದ್ವಿ, ಅವರ ಮನೆದೇವ್ರೂ ಕದಿರಿ ನರಸಿಂಹಸ್ವಾಮಿನೇ. ಅವರ ಮನೆ ಅಜ್ಜಿಗೆ ನಮ್ಮ ತಾತನ ತಾಯಿ ಹೆಸ್ರು ನೆನಪಿತ್ತು, ಓಬಳಮ್ಮ ಅಂತೆ, ಬಾಗೇಪಲ್ಲಿ ಕಡೆ ತವರಂತೆ. ಈ ಸಲ ಅಲ್ಲೇ ಕೂತು ಎಲ್ಲಾ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ.

ಅವರ ಮನೆಗೆ ಪಿಚ್ಚಿಗುಂಟ್ಲೋರು ಬರ್ತಿದ್ರಂತೆ, ಬಂದು ಏಳೆಂಟು ವರ್ಷ ಆಯ್ತಂತೆ. ಪಾವಗಡ ಅಣ್ಣ, ನಿಮ್ಮ ಮನೆಗೆ ಬರೋ ಅಜ್ಜ ಈ ಸಲ ಸುಗ್ಗಿಗೆ ಬಂದಾಗ ಚಿಂತಾಮಣಿ ಕಡೆ ಮನೆಗಳು ಯಾರ ಪಾಲಿಗಿವೆ ಅಂತ ಒಂದು ಮಾತು ಕೇಳಿ ಹೇಳ್ತೀರಾ? ಅವರು ಎಲ್ಲಿದ್ರೂ ನಾನೇ ಬಂದು ಕರ್ಕೊಂಡು ಬರ್ತೀನಿ.