ಶಾಲೆ ವ್ಯಾನಿಗೆ ಹಣ: ಫೇಸ್‌ಬುಕ್‌ನಲ್ಲಿ ಲೈಕ್ ಬರುತ್ತದೆ, ದುಡ್ಡು ಬರುವುದಿಲ್ಲ

ಹಿರಿಯಡ್ಕ ಹಳೆ ವಿದ್ಯಾರ್ಥಿ:
ನಮಸ್ಕಾರ. ಹಿರಿಯಡ್ಕ ಹತ್ತಿರದ ನಮ್ಮ ಕನ್ನಡ ಮಾಧ್ಯಮ ಹೈಸ್ಕೂಲಿಗೆ ಹಳೆ ವಿದ್ಯಾರ್ಥಿಗಳ ಟ್ರಸ್ಟ್ ಉಂಟು. ಮಕ್ಕಳ ವ್ಯಾನ್ ಓಡಿಸುವುದು ನಾವೇ. ಅದು ನಿಂತರೆ ದೂರದ ಮಕ್ಕಳು ಶಾಲೆ ಬಿಡುತ್ತಾರೆ. ಡೀಸೆಲಿಗೆ, ಡ್ರೈವರ್ ಸಂಬಳಕ್ಕೆ ಅಂತ ಫೇಸ್‌ಬುಕ್ ಪೇಜಿನಲ್ಲಿ ಕ್ಯೂಆರ್ ಕೋಡ್ ಹಾಕಿದೆವು. 'ಒಳ್ಳೆ ಕೆಲಸ' ಅಂತ ಕಮೆಂಟ್ ಬರುತ್ತದೆ, ಹಣ ಇಲ್ಲ. ನಮ್ಮವರು ಜಾಸ್ತಿ ಇರುವುದು ಮುಂಬೈ, ದುಬೈ, ಕುವೈತ್‌ನಲ್ಲಿ. ಕೇಳುವುದು ಹೇಗೆ?

ಕದ್ರಿಯ ಅಕ್ಕ:
ಮಂಗಳೂರಿನಲ್ಲಿ ಡಯಾಲಿಸಿಸ್ ರೋಗಿಗಳಿಗೆ ನೆರವಾಗುವ ಒಂದು ಸಣ್ಣ ಟ್ರಸ್ಟಿನ ಲೆಕ್ಕ ನಾನು ನೋಡುತ್ತೇನೆ. ಪೇಜ್ ಇರಲಿ, ಆದರೆ ಹಣ ಅಲ್ಲಿ ಕೇಳಬೇಡಿ. ಪೇಜ್ ನೋಡುವವರಿಗೆ ನೀವು ಯಾರೋ. ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ನೀವು ಒಟ್ಟಿಗೆ ಓದಿದವರು. ಪ್ರತಿ ಬ್ಯಾಚಿನಿಂದ ಒಬ್ಬರು ಮೊದಲು ತಾವು ಕೊಟ್ಟು, ಆಮೇಲೆ ಉಳಿದವರನ್ನು ಕೇಳಲಿ. ಸುಮ್ನೆ 'ಶಾಲೆ ಉಳಿಸಿ' ಅಂದರೆ ಯಾರಿಗೂ ತಾಗುವುದಿಲ್ಲ. ಜೂನ್ ತಿಂಗಳ ಡೀಸೆಲ್ ಒಂದು ಬ್ಯಾಚಿಗೆ, ಜುಲೈ ತಿಂಗಳದ್ದು ಇನ್ನೊಂದಕ್ಕೆ ಅಂತ ಹಂಚಿ.

ತಿಂಗಳ ಕೊನೆಗೆ ಪೆಟ್ರೋಲ್ ಬಂಕಿನ ಬಿಲ್ ಅದೇ ಗ್ರೂಪಿಗೆ ಹಾಕಿ. ಉಳಿದರೆ ಉಳಿಯಿತು ಅಂತ, ಸಾಲದಿದ್ದರೆ ಸಾಲಲಿಲ್ಲ ಅಂತ ಬರೆಯಿರಿ. ನಮ್ಮಲ್ಲಿ ಬಿಲ್ ಹಾಕಲು ಶುರು ಮಾಡಿದ ಮೇಲೆಯೇ ಜನ ಕೇಳದೆ ಎರಡನೇ ಸಲ ಕೊಟ್ಟದ್ದು. ಕ್ಯೂಆರ್ ಟ್ರಸ್ಟ್ ಖಾತೆಯದ್ದೇ ಆಗಬೇಕು. ಯಾರದ್ದೋ ಸ್ವಂತ ಗೂಗಲ್ ಪೇ ಬೇಡವೇ ಬೇಡ.

ಇನ್ನೊಂದು ಮಾತು, ನನಗೆ ಇದು ತುಂಬಾ ಮುಖ್ಯ. ಬಡ ಮಗುವಿನ ಮುಖ ಹಾಕಿ ಹಣ ಕೇಳಬೇಡಿ. ಆ ಮಗು ನಾಳೆ ಅದೇ ಪೇಟೆಯಲ್ಲಿ ತಲೆ ಎತ್ತಿ ಓಡಾಡಬೇಕು, ಅಲ್ವಾ? ವ್ಯಾನಿನ ಫೋಟೋ ಸಾಕು.

ಕಾಪು–ಶಾರ್ಜಾ:
ಸ್ವಲ್ಪ ಎಚ್ಚರ ಮಾರಾಯ್ರೆ. ಯುಎಇಯಲ್ಲಿ ಪರವಾನಗಿ ಇಲ್ಲದೆ ದೇಣಿಗೆ ಎತ್ತುವುದು ಅಪರಾಧ, ಆನ್‌ಲೈನಿನಲ್ಲಿ ಕೂಡ. ನಿಮ್ಮ ಮನವಿಯನ್ನು ನಾನು ಇಲ್ಲಿನ ಗ್ರೂಪುಗಳಿಗೆ ಕಳಿಸಿದರೆ ಸಿಕ್ಕಿಬೀಳುವುದು ನಾನು. ರಜೆಯಲ್ಲಿ ಊರಿಗೆ ಬಂದಾಗ ಕೇಳಿ, ಖುಷಿಯಿಂದ ಕೊಡುತ್ತೇವೆ.

ಹಿರಿಯಡ್ಕ ಹಳೆ ವಿದ್ಯಾರ್ಥಿ:
ಒಳ್ಳೆಯದಾಯಿತು ಹೇಳಿದ್ದು. ದುಬೈಗೆ ಫಾರ್ವರ್ಡ್ ಮಾಡುವುದಿಲ್ಲ. ಅಕ್ಕ, ನಮಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ನೋಂದಣಿ, ಇಲ್ಲ. ಹೊರದೇಶದಲ್ಲಿರುವವರ ಹಣ ತೆಗೆದುಕೊಳ್ಳಬಹುದಾ?

ಕದ್ರಿಯ ಅಕ್ಕ:
ಭಾರತದ ಪಾಸ್‌ಪೋರ್ಟ್ ಇದ್ದವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ಪಡೆದು ಫೈಲಿನಲ್ಲಿಡಿ. ಬೇರೆ ದೇಶದ ಪೌರತ್ವ ಪಡೆದವರ ಹಣ ಮಾತ್ರ ಮುಟ್ಟಬೇಡಿ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ. ಎಫ್‌ಸಿಆರ್‌ಎ ಇದ್ದ ಸಂಸ್ಥೆಗೂ 2020ರ ತಿದ್ದುಪಡಿ ಆದ ಮೇಲೆ ಆ ಹಣ ಬರಬೇಕಾದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ.

ಮುಂಬೈಯವರು ಆದಾಯ ತೆರಿಗೆ ವಿನಾಯಿತಿಗೆ 80ಜಿ ರಶೀದಿ ಕೇಳಿಯೇ ಕೇಳುತ್ತಾರೆ. ನಿಮ್ಮ ಟ್ರಸ್ಟಿಗೆ ಆ ನೋಂದಣಿ ಉಂಟಾ ಅಂತ ಮೊದಲು ಆಡಿಟರ್ ಹತ್ತಿರ ಕೇಳಿ. ಕೊಡುವವರ ಪ್ಯಾನ್ ಆಗಲೇ ಬರೆದುಕೊಳ್ಳಿ. ನಗದು 2,000 ರೂಪಾಯಿ ದಾಟಿದರೆ ಅವರಿಗೆ ವಿನಾಯಿತಿ ಸಿಗುವುದಿಲ್ಲ, ಅದನ್ನೂ ಮೊದಲೇ ತಿಳಿಸಿ.