ಕಾಡ್ಗಿಚ್ಚಿಗೆ ವಿಮಾನದಿಂದ ಕೆಮಿಕಲ್ ಸುರಿದರೆ ನಮ್ಮ ಹೊಳೆಗಳ ಗತಿ ಏನು?

ಹಸಿರುಬೇಲಿ (ವಿರಾಜಪೇಟೆ):
ಫೆಬ್ರವರಿ ಬಂತು ಅಂದರೆ ಬ್ರಹ್ಮಗಿರಿ ಕಡೆ ಹೊಗೆ ಎದ್ದಿದೆಯಾ ಅಂತ ನೋಡುವುದೇ ಆಗುತ್ತದೆ. ಬೆಂಕಿ ಬಿದ್ದ ಕೂಡಲೇ ಎಲ್ಲರೂ ಹೆಲಿಕಾಪ್ಟರ್ ಕಳಿಸಿ ಅನ್ನುತ್ತಾರೆ. 2019ರಲ್ಲಿ ಬಂಡೀಪುರ ಉರಿದಾಗ ವಾಯುಪಡೆಯವರು ಬಂದು ನೀರು ಸುರಿದಿದ್ದರು, ನೆನಪಿರಬಹುದು. ಆದರೆ ಅಮೆರಿಕದ ವಿಡಿಯೊಗಳಲ್ಲಿ ವಿಮಾನದಿಂದ ಕೆಂಪಗೆ ಏನೋ ಬೀಳುತ್ತದಲ್ಲ, ಅದು ಏನು? ಕಾವೇರಿ ಹುಟ್ಟುವ ಬೆಟ್ಟಗಳಲ್ಲಿ ಅದನ್ನು ಹಾಕಿದರೆ ನೀರಿಗೆ, ಮೀನಿಗೆ ಏನಾಗುತ್ತದೆ? ಬರೀ ನೀರಾದರೆ ಪರವಾಗಿಲ್ವಾ?

ಮಣ್ಣಿನಮಗ (ಮಡಿಕೇರಿ):
ಅದು ರಿಟಾರ್ಡೆಂಟ್, ಅಂದರೆ ಬೆಂಕಿ ಹರಡದಂತೆ ತಡೆಯುವ ದ್ರಾವಣ. ಹೆಚ್ಚಿನ ಪಾಲು ನೀರೇ, ಉಳಿದದ್ದು ಮುಖ್ಯವಾಗಿ ಅಮೋನಿಯಂ ಫಾಸ್ಫೇಟ್, ಅಂದರೆ ತೋಟಕ್ಕೆ ಹಾಕುವ ಡಿಎಪಿ ಗೊಬ್ಬರದ ಜಾತಿಯದ್ದು. ಎಲ್ಲಿ ಬಿದ್ದಿದೆ ಅಂತ ಮೇಲಿನಿಂದ ಕಾಣಲಿ ಅಂತ ಕೆಂಪು ಬಣ್ಣ. ಉರಿಯುವ ಬೆಂಕಿಗಿಂತ ಜಾಸ್ತಿ ಅದರ ದಾರಿಯಲ್ಲಿರುವ ಗಿಡ, ಹುಲ್ಲಿನ ಮೇಲೆ ಹಾಕುತ್ತಾರೆ. ಹೊಳೆಗೆ ಬಿದ್ದರೆ ಅಮೋನಿಯಾದಿಂದ ಮೀನು ಸಾಯುತ್ತವೆ. 2002ರಲ್ಲಿ ಆರೆಗಾನ್‌ನ ಫಾಲ್ ನದಿಗೆ ರಿಟಾರ್ಡೆಂಟ್ ಬಿದ್ದು ಸಾವಿರಾರು ಮೀನು ಸತ್ತವು. ನೀರಿನಿಂದ 300 ಅಡಿ ದೂರ ಬಿಡಬೇಕು ಅಂತ ಅಮೆರಿಕದ ಅರಣ್ಯ ಸೇವೆಯ ನಿಯಮ ಇದೆ, ಆದರೂ ತಪ್ಪಿ ಬೀಳುತ್ತದೆ. 2023ರಲ್ಲಿ ಮೊಂಟಾನಾದ ಫೆಡರಲ್ ಕೋರ್ಟು, ಪರವಾನಗಿ ಇಲ್ಲದೆ ನೀರಿಗೆ ಬೀಳಿಸುವುದು ಕಾನೂನಿಗೆ ವಿರುದ್ಧ ಅಂದಿತು, ಆದರೆ ಬಳಕೆ ನಿಲ್ಲಿಸಲಿಲ್ಲ. ನಮ್ಮ ಬೆಟ್ಟಗಳಲ್ಲಿ 300 ಅಡಿಯೊಳಗೆ ತೊರೆ ಇಲ್ಲದ ಜಾಗ ಎಷ್ಟಿದೆ ಹೇಳಿ? ಗೊಬ್ಬರ ಸಿಕ್ಕರೆ ಕಳೆಯೂ ಸೊಂಪಾಗಿ ಬೆಳೆಯುತ್ತದೆ. ನನ್ನ ಮಟ್ಟಿಗೆ ಇಲ್ಲಿ ಇದು ಬೇಡವೇ ಬೇಡ.

ಬಿರುನಾಣಿಯವಳು:
ಕೆಮಿಕಲ್ ಬೇಡ ಅನ್ನುವುದು ಒಪ್ಪುತ್ತೇನೆ ಅಣ್ಣ. ಆದರೆ ಹೆಲಿಕಾಪ್ಟರೇ ಬೇಡ ಅನ್ನಬೇಡಿ. ಕಡಿದಾದ ಹುಲ್ಲುಬೆಟ್ಟದಲ್ಲಿ ಬೆಂಕಿ ಗಾಳಿಗೆ ಮೇಲೆ ಓಡುವಾಗ ಸೊಪ್ಪು ಹಿಡಿದು ಬಡಿಯುವ ಹುಡುಗರ ಜೀವ ಹೋದರೆ? ಕಾಡು ಸುಟ್ಟರೂ ಹೊಳೆ ಉಳಿಯಲ್ಲ, ಮೊದಲ ಮಳೆಗೇ ಬೂದಿ, ಮಣ್ಣು ಎಲ್ಲ ಕೊಚ್ಚಿಕೊಂಡು ಬರುತ್ತದೆ.

ತೋಟದಮನೆ (ಸೋಮವಾರಪೇಟೆ):
ಅಕ್ಕಾ, ನೀವು ಹೇಳಿದ್ದು ಸರಿ. ಹುಲ್ಲುಬೆಟ್ಟದಲ್ಲಿ ಹೆಲಿಕಾಪ್ಟರ್‌ಗೆ ನೇತುಹಾಕಿದ ನೀರಿನ ಬಕೆಟ್ ಕೆಲಸ ಮಾಡುತ್ತದೆ. ಎಂಐ-17 ಹೆಲಿಕಾಪ್ಟರ್ ಸಲಕ್ಕೆ ಸುಮಾರು 3,500 ಲೀಟರ್ ಎತ್ತುತ್ತದೆ. ದಟ್ಟ ಕಾಡಲ್ಲಿ ಮಾತ್ರ ಸಾಕಷ್ಟು ನೀರು ಮರದ ತಲೆಯಲ್ಲೇ ನಿಲ್ಲುತ್ತದೆ, ಕೆಳಗೆ ತರಗೆಲೆ ಹೊಗೆಯಾಡುತ್ತಲೇ ಇರುತ್ತದೆ, ಕೊನೆಗೆ ಜನ ಹೋಗಿ ಆರಿಸಲೇಬೇಕು. ಬರೀ ನೀರು ಅಂದರೂ ಸುಮ್ನೆ ಅಲ್ಲ. ಬೇಸಿಗೆಯಲ್ಲಿ ಕಾಡಿನ ಕೆರೆ ಬತ್ತಿರುತ್ತದೆ, ಅದು ಆನೆ, ಕಾಟಿ ಕುಡಿಯುವ ನೀರು. ಅಂತರಗಂಗೆ ತುಂಬಿದ ಕೆರೆಯಿಂದ ಎತ್ತಿದರೆ ಆ ಕಳೆ ಇನ್ನೊಂದು ನೀರಿಗೂ ಹೋಗಬಹುದು. ಹಾಗಾಗಿ ಹಾರಂಗಿಯಂಥ ದೊಡ್ಡ ಜಲಾಶಯದಿಂದಲೇ ಎತ್ತಬೇಕು, ದೂರ ಆದರೂ, ಇಂಧನ ಜಾಸ್ತಿ ಸುಟ್ಟರೂ. ಅದಕ್ಕಿಂತ ಮೊದಲು ಡಿಸೆಂಬರ್, ಜನವರಿಯಲ್ಲೇ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು, ತರಗೆಲೆ ತೆಗೆದ ಪಟ್ಟಿ) ಸರಿಯಾಗಿ ಆಗಲಿ, ಲಂಟಾನ ಕೀಳಿಸಲಿ, ಬೆಂಕಿ ಕಾಯುವ ಫೈರ್ ವಾಚರ್‌ಗಳಿಗೆ ಸಂಬಳ ಹೊತ್ತಿಗೆ ಸಿಗಲಿ. ಹೆಲಿಕಾಪ್ಟರ್ ಬರುವ ಹೊತ್ತಿಗೆ ಬೆಂಕಿ ದೊಡ್ಡದಾಗಿರುತ್ತದೆ, ಚಿಕ್ಕದಿದ್ದಾಗ ಹಿಡಿಯುವುದು ಈ ವಾಚರ್‌ಗಳೇ.

ಹಸಿರುಬೇಲಿ:
ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ಗ್ರಾಮಸಭೆಯಲ್ಲಿ ಬೆಂಕಿ ರೇಖೆ ಮತ್ತು ವಾಚರ್‌ಗಳ ಸಂಬಳದ ವಿಷಯ ಎತ್ತುತ್ತೇನೆ. ಬಿರುನಾಣಿ ಕಡೆಯವರೂ ನಿಮ್ಮ ಪಂಚಾಯಿತಿಯಲ್ಲಿ ಕೇಳ್ತೀರಾ?